‘ಡೆವಿಲ್’ಗೆ ಕನ್ನಡದಾಗ ಏನು ಬರೀಬೇಕ್ರಿ?

ಸೇಡಂ ಟೀಚರ್
ನಾ ಸೇಡಂ ತಾಲ್ಲೂಕಿನ ಹಳ್ಳಿ ಸಾಲ್ಯಾಗ ಎಂಟನೇತ್ತಿಗಿ ಇಂಗ್ಲಿಷ್ ಹೇಳ್ತೀನಿ. ಹ್ವಾದ ವಾರ ಒಂದು ಕತ್ಯಾಗ ‘ಪೂರ್ ಡೆವಿಲ್’ ಅಂತ ಬಂತು. ಡಿಕ್ಷನರಿ ನೋಡಿ ಬೋರ್ಡ್ ಮ್ಯಾಲ ‘ಬಡ ದೆವ್ವ’ ಅಂತ ಬರದೆ. ಹಿಂದಿನ ಸಾಲಿನಾಕಿ ಒಬ್ಬಾಕಿ ತಲಿ ತಗ್ಗಿಸಿ ಅಳಾಕತ್ತಿದಳು. ಆಮ್ಯಾಲ ಹೊರಗ ಕರದು ಕೇಳಿದೆ. ಅವರಕ್ಕಗ ಗಾಳಿ ಬಡದದ ಅಂತ ಗಾಣಗಾಪುರದ ದತ್ತನ ಗುಡಿಗಿ ಕರಕೊಂಡು ಹೋಗ್ಯಾರಂತ. ಓಣಿ ಹುಡುಗರು ಈಕಿನ್ನ ‘ದೆವ್ವಿನ ತಂಗಿ’ ಅಂತಾರಂತ. ಬೋರ್ಡ್ ಒರಸಿದೆ, ಖರೆ ರಾತ್ರಿ ನಿದ್ದಿ ಹತ್ತಲಿಲ್ಲ. ಮುಂದಿನ ಪುಟದಾಗ ‘ಲಿಟಲ್ ಡೆವಿಲ್’ ಬರ್ತದ. ಅಲ್ಲಿ ಏನು ಬರೀಲಿ?

ಶಹಾಬಜಾರ ಅಜ್ಜ
ತಂಗಿ, ‘ಪೂರ್ ಡೆವಿಲ್’ ಅಂದ್ರ ‘ಪಾಪ, ಬಡಪಾಯಿ’. ಅದರಾಗ ದೆವ್ವನೇ ಇಲ್ಲ, ಮರುಕ ಅದ. ‘ಲಿಟಲ್ ಡೆವಿಲ್’ಗೆ ನಮ್ಮ ಕಲಬುರಗ್ಯಾಗ ‘ಸೈತಾನ’ ಸಾಕು. ನಿಜಾಮನ ಕಾಲದಿಂದ ಉರ್ದು ನಮ್ಮ ಮನಿ ಮಾತಿನಾಗ ಕೂಡ್ಯದ. ನಮ್ಮವ್ವ ನನಗ ‘ಏ ಸೈತಾನ, ಉಣಬಾ’ ಅಂತ ಕರದೇ ರೊಟ್ಟಿ ಹಾಕತಿದ್ದಳು. ‘ದೆವ್ವ’ ಅಂತ ಮಾತ್ರ ಒಂದಿನಾನೂ ಅನ್ನಲಿಲ್ಲ. ದೊಡ್ಡದಕ್ಕ ‘ದೆವ್ವಿನಂಥಾ ವಾಡೆ’, ಹೊತ್ತಿಲ್ಲದ ದುಡಿಮಿಗಿ ‘ದೆವ್ವ ದುಡದಂಗ’, ಇಷ್ಟಕ್ಕ ಅದು ನಡೀತದ. ಮಂದಿ ಮ್ಯಾಲ ಹಚ್ಚಬಾರದು.

ಬೀದರಿನವ
ಅಜ್ಜಾರ ಮಾತು ಖರೆ. ಆದ್ರ ‘ಸೈತಾನ’ ನಮ್ಮ ಮಗಗ ನಾವು ಅಂದ್ರ ಮುದ್ದು, ಮಂದಿ ಮಗಗ ಸಿಟ್ಟಿನಾಗ ಅಂದ್ರ ಜಗಳ. ದನಿ ನೋಡಿ ಅನ್ಬೇಕು. ಅರಬಿಯ ಶೈತಾನ್, ಹೀಬ್ರೂವಿನ ಸಾತಾನ್ ಒಂದೇ ಬಳಗ. ಹೀಬ್ರೂದಾಗ ಅದರ ಅರ್ಥ ‘ಎದುರಾಳಿ’. ‘ಡೆವಿಲ್’ ಬಂದದ್ದು ಗ್ರೀಕಿನ ‘ಡಿಯಾಬೊಲೊಸ್’ನಿಂದ, ಅಂದ್ರ ಚಾಡಿಕೋರ. ‘ದೇವ’ಕ್ಕೂ ಅದಕ್ಕೂ ಸಂಬಂಧ ಇಲ್ಲ, ದನಿ ಅಷ್ಟೇ ಹತ್ತಿರ. ಫಾರಸಿಯ ‘ದೀವ್’ ಮಾತ್ರ ನಮ್ಮ ‘ದೇವ’ದ ಬೇರಿನದೇ, ಅಲ್ಲಿ ಅದು ರಾಕ್ಷಸ ಆಗ್ಯದ!

ಮಂಗಳೂರಿಂದ ಯಾದಗಿರಿಗೆ
ನಮ್ಮೂರಲ್ಲಿ ‘ಭೂತ’ ಅಂದರೆ ಕೋಲ ಕೊಟ್ಟು, ಕೈಮುಗಿದು ನ್ಯಾಯ ಕೇಳುವ ದೈವ. ಇಲ್ಲಿಗೆ ವರ್ಗವಾಗಿ ಬಂದ ಹೊಸದರಲ್ಲಿ ‘ನಮ್ಮ ಮನೆಯಲ್ಲಿ ಭೂತ ಉಂಟು’ ಅಂದೆ. ಮನೆ ಮಾಲೀಕರ ಹೆಂಡತಿ ಒಂದು ವಾರ ನಮ್ಮ ಕಡೆ ಸುಳಿಯಲಿಲ್ಲ. ಅವರಿಗೆ ಹೆದರಿಕೆ, ನನಗೆ ಬೇಸರ. ಟೀಚರ್, ‘ಲಿಟಲ್ ಡೆವಿಲ್’ಗೆ ‘ತುಂಟ’ ಬರೆಯಿರಿ, ಎಲ್ಲ ಊರಿಗೂ ನಡೆಯುತ್ತದೆ.

ಶಹಾಬಜಾರ ಅಜ್ಜ
ಇನ್ನೊಂದು ಮಾತು ತಂಗಿ. ಆ ಅಕ್ಕಗ ದತ್ತನ ದರ್ಶನ ಮಾಡಸಲಿ, ಬ್ಯಾಡ ಅನ್ನಲ್ಲ. ಸಂಗಟ ಮನಸಿನ ಡಾಕ್ಟರಿಗೂ ತೋರಸಲಿ. ಮನಸಿನ ತ್ರಾಸಿಗಿ ಸರಕಾರದ ಸಹಾಯವಾಣಿ ಅದ, ಟೆಲಿ ಮನಸ್ ಅಂತ. 14416ಕ್ಕ ಫೋನ್ ಹಚ್ಚಿದ್ರ ರೊಕ್ಕ ತಗೊಳ್ಳದೇ, ಕನ್ನಡದಾಗ ಮಾತಾಡ್ತಾರ.

ಸೇಡಂ ಟೀಚರ್
ಇವತ್ತ ‘ಬಡಪಾಯಿ’, ‘ತುಂಟ’ ಎರಡೂ ಬರದೆ. ‘ತುಂಟ ಅಂದ್ರ ಸೈತಾನ ಏನ್ರಿ ಮಿಸ್?’ ಅಂತ ಕೇಳಿದಾಕಿ ಅದೇ ಹುಡುಗಿ. ಆ ನಂಬರ್ ಚೀಟ್ಯಾಗ ಬರಕೊಂಡೀನಿ ಅಜ್ಜಾರ. ಐತವಾರ ಅವರವ್ವನ ಭೆಟ್ಟಿಗಿ ಹೊಂಟೀನಿ.