ಪಟ ‘ಬರೆಯುವವರು’ ಮತ್ತು ‘ಚಕ್ಷುದಾನ’: ಕನ್ನಡದಲ್ಲಿ ಏನೆನ್ನೋಣ?

ಆತ್ಮೀಯರೆ,

ಬಂಗಾಳದ ಪಟುವಾಗಳ, ಅಂದರೆ ಚಿತ್ರದ ಸುರುಳಿ (ಪಟ) ಬರೆದು ಹಾಡುತ್ತ ಕಥೆ ಹೇಳುವವರ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪಶ್ಚಿಮ ಮೇದಿನೀಪುರ ಜಿಲ್ಲೆಯ ಪಿಂಗ್ಲಾ ಕಡೆಯ ನಯಾ ಗ್ರಾಮ ಇವರಿಗೆ ಹೆಸರಾದ ಊರು. ಉದ್ದನೆಯ ಕಾಗದದ ಮೇಲೆ ಬಂಗಾಳದ ಜನಪ್ರಿಯ ಬೆಹುಲಾ–ಲಖಿಂದರರ ಕಥೆಯನ್ನೋ ರಾಮಾಯಣದ ಪ್ರಸಂಗವನ್ನೋ ಒಂದರ ಕೆಳಗೊಂದು ಚೌಕಗಳಲ್ಲಿ ಚಿತ್ರಿಸಿ, ಹಿಂಬದಿಗೆ ಹಳೆಯ ಸೀರೆಯ ಬಟ್ಟೆ ಅಂಟಿಸುತ್ತಾರೆ. ಆಮೇಲೆ ಸುರುಳಿ ಬಿಚ್ಚುತ್ತ, ಬೆರಳಿಟ್ಟು ತೋರಿಸುತ್ತ ಹಾಡುತ್ತಾರೆ. ಈ ಹಾಡು ‘ಪಟೇರ್ ಗಾನ್’. ಅದನ್ನು ‘ಪಟದ ಹಾಡು’ ಎಂದು ಮಾಡಿಕೊಂಡಿದ್ದೇನೆ. ಪುರಿ ಸೀಮೆಯ ಪಟ್ಟಚಿತ್ರದೊಡನೆ ಬೆರೆಯಬಾರದೆಂದು ‘ಸುರುಳಿಪಟ’ ಎಂಬ ಪದವನ್ನು ಆರಿಸಿದೆ.

ನನಗೆ ಹಿಗ್ಗು ತಂದದ್ದು ಬೇರೊಂದು ಪದ. ಬಂಗಾಳಿಯಲ್ಲಿ ಚಿತ್ರ ಬಿಡಿಸುವುದಕ್ಕೆ ‘ಆಂಕಾ’ ಎಂಬ ಕ್ರಿಯಾಪದವಿದ್ದರೂ ಪಟುವಾಗಳು ತಮ್ಮ ಕೆಲಸವನ್ನು ‘ಪಟ ಲೇಖಾ’ ಎನ್ನುತ್ತಾರೆ, ಅಂದರೆ ಪಟ ಬರೆಯುವುದು. ಇಂಗ್ಲಿಷಿನಲ್ಲಿ ಇದಕ್ಕೆ ವಿವರಣೆ ಬೇಕಾಗುತ್ತದೆ. ನಮಗೆ ಬೇಕೇ ಇಲ್ಲ! ಕಥೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ; ಮಲೆನಾಡಿನ ದೀವರ ಹೆಂಗಸರು ಗೋಡೆಯ ಮೇಲೆ ಚಿತ್ತಾರ ಬರೆಯುತ್ತಾರೆ. ಹಾಗಾಗಿ ‘ರಚಿಸು’, ‘ಚಿತ್ರಿಸು’ಗಳನ್ನು ಹೊಡೆದುಹಾಕಿ ಎಲ್ಲೆಡೆ ‘ಬರೆ’ ಎಂದೇ ಇಟ್ಟಿದ್ದೇನೆ. ‘ಚಿತ್ರಕಾರ’ ಎಂಬುದನ್ನು ಮಾತ್ರ ಸಾಮಾನ್ಯ ಅರ್ಥದಲ್ಲಿ ಬಳಸುವಂತಿಲ್ಲ, ಅದು ಇವರ ಕುಲನಾಮ. ಅವರಲ್ಲಿ ಬಹುಮಂದಿ ಮುಸ್ಲಿಮರು, ಆದರೂ ಹಾಡುವುದು ನಾಗದೇವತೆ ಮನಸೆಯ, ದುರ್ಗೆಯ ಕಥೆಗಳನ್ನೂ.

ನಾನು ಸಿಕ್ಕಿಕೊಂಡಿರುವುದು ‘ಚಕ್ಷುದಾನ ಪಟ’ದಲ್ಲಿ. ಸಂತಾಲ ಬುಡಕಟ್ಟಿನವರ ನಡುವೆ ತಿರುಗುವ, ಜಾದುಪಟುವಾ ಎಂದು ಕರೆಸಿಕೊಳ್ಳುವ ಪಟ ಬರೆಯುವವರು, ಸಾವಾದ ಮನೆಗೆ ತೀರಿಕೊಂಡವರ ಚಿತ್ರ ಹಿಡಿದು ಹೋಗುತ್ತಾರೆ. ಎಲ್ಲ ಬರೆದಿರುತ್ತದೆ, ಕಣ್ಣಿನ ಪಾಪೆ ಮಾತ್ರ ಇರುವುದಿಲ್ಲ. ಸತ್ತವರು ಪರಲೋಕದಲ್ಲಿ ದಾರಿ ಕಾಣದೆ ಅಲೆಯುತ್ತಿದ್ದಾರೆಂದು ಹೇಳುತ್ತಾರೆ. ಮನೆಯವರು ಕಾಣಿಕೆ ಕೊಟ್ಟ ಮೇಲೆ ಪಾಪೆ ಬರೆಯುತ್ತಾರೆ. ಮಗನನ್ನೋ ತಾಯಿಯನ್ನೋ ಕಳೆದುಕೊಂಡವರ ಎದುರು ಆ ಎರಡು ಚುಕ್ಕೆಗಳಿಗೆ ಎಷ್ಟು ತೂಕವಿರಬೇಕು!

ಇದನ್ನು ‘ನೇತ್ರದಾನ’ ಎಂದರೆ ಓದುಗರ ಮನಸ್ಸು ನೇರವಾಗಿ ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿ ಕಣ್ಣು ಕೊಡುವವರು ಸತ್ತವರು, ಇಲ್ಲಿ ಪಡೆಯುವವರು ಸತ್ತವರು. ಅರ್ಥ ಪೂರಾ ತಲೆಕೆಳಗಾಗುತ್ತದೆ. ‘ನೇತ್ರೋನ್ಮೀಲನ’ ದೇವರ ವಿಗ್ರಹಕ್ಕೆ ಸಲ್ಲುವ ಮಾತು. ‘ಕಣ್ಣಿಡುವುದು’ ಎಂದರೆ ಆಸೆಪಟ್ಟ ಹಾಗಾಗುತ್ತದೆ, ‘ಕಣ್ಣು ತೆರೆಸುವುದು’ ಎಂದರೆ ಬುದ್ಧಿ ಹೇಳಿದ ಹಾಗೆ. ಸದ್ಯಕ್ಕೆ ‘ಕಣ್ಣು ಬರೆಯುವ ಪಟ’ ಎಂದು ಬರೆದುಕೊಂಡಿದ್ದೇನೆ, ಆದರೆ ಕೊಡುವ ಭಾವ ಅದರಲ್ಲಿ ಬರುತ್ತಿಲ್ಲ.

ಗೊಂಬೆ ಮಾಡುವವರಲ್ಲಿ, ತೊಗಲುಗೊಂಬೆ ಆಡಿಸುವವರಲ್ಲಿ ಕೊನೆಗೆ ಕಣ್ಣು ಬರೆಯುವ ಕೆಲಸಕ್ಕೆ ಪ್ರತ್ಯೇಕ ಮಾತಿದೆಯೇ? ನಿಮ್ಮ ಊರಿನಲ್ಲಿ ಕೇಳಿದ್ದರೆ, ಯಾವ ಸೀಮೆಯ ಬಳಕೆ ಎಂಬುದರೊಂದಿಗೆ ದಯವಿಟ್ಟು ತಿಳಿಸಿ.