ಪದಚರ್ಚೆ: ಜಾಲತಾಣದ ‘ಆಕ್ಸೆಸಿಬಿಲಿಟಿ’ಗೆ ಕನ್ನಡದಲ್ಲಿ ಏನನ್ನೋಣ? ಇವತ್ತೇ ಬೇಕು

ಬೆಂಗಳೂರಿನಿಂದ:
ಗೆಳೆಯರೇ, ಒಂದು ಸರ್ಕಾರಿ ಇಲಾಖೆಯ ಜಾಲತಾಣದ ಕನ್ನಡ ಪುಟಗಳನ್ನು ತಿದ್ದುತ್ತಿದ್ದೇನೆ. ಪುಟದ ತಳದಲ್ಲಿ ‘ಆಕ್ಸೆಸಿಬಿಲಿಟಿ ಸ್ಟೇಟ್‌ಮೆಂಟ್’ ಅಂತ ಒಂದು ಕೊಂಡಿ ಇದೆ. ಕಣ್ಣು ಕಾಣದವರು, ಕಿವಿ ಕೇಳದವರು, ಮೌಸ್ ಹಿಡಿಯಲಾಗದವರು ತಾಣವನ್ನು ಹೇಗೆ ಬಳಸಬಹುದು ಅಂತ ಹೇಳುವ ಪುಟ ಅದು. ಸದ್ಯಕ್ಕೆ ‘ಪ್ರವೇಶಿಸುವಿಕೆ ಹೇಳಿಕೆ’ ಅಂತಿದೆ. ಓದಿದವರು ಲಾಗಿನ್ ಬಗ್ಗೆ ಏನೋ ಹೇಳಿದ್ದಾರೆ ಅಂದುಕೊಳ್ಳುತ್ತಾರೆ. ‘ಲಭ್ಯತೆ’ಯೂ ಸರಿಹೋಗಲ್ಲ. ಅರ್ಜಿ ನಮೂನೆ ತಾಣದಲ್ಲಿ ಲಭ್ಯ ಇದ್ದೇ ಇದೆ, ಆದರೆ ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದ್ದು. ಪರದೆಯ ಮೇಲಿನ ಬರಹವನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಒಂದಕ್ಷರವೂ ಸಿಗಲ್ಲ. ಸಂಜೆ ಐದರೊಳಗೆ ಕಳಿಸಬೇಕು. ಕೊಂಡಿಯಲ್ಲಿ ಎರಡು ಪದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ.

ಮೈಸೂರಿನಿಂದ:
ಸುಗಮ್ಯತೆ. ಕೇಂದ್ರ ಸರ್ಕಾರ ಅಂಗವೈಕಲ್ಯ ಇರುವವರಿಗಾಗಿ 2015ರ ಡಿಸೆಂಬರ್ 3ರಂದು ‘ಸುಗಮ್ಯ ಭಾರತ ಅಭಿಯಾನ’ ಶುರು ಮಾಡಿದಾಗಿನಿಂದ ಪದ ಓಡಾಡುತ್ತಿದೆ. ಸುಲಭವಾಗಿ ಹೋಗಿ ಸೇರಬಹುದಾದದ್ದು ಸುಗಮ್ಯ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಧಾರವಾಡದಿಂದ:
ಏನೂ ಇಲ್ಲ ಅಂದರೆ ಹೇಗೆ ಸರ್? ಅದು ಹಿಂದಿಗೆ ಅಂತ ಹೊಲಿಸಿದ ಅಂಗಿ. ಕನ್ನಡದವರಿಗೆ ಗಮ್ಯ ಅಂದರೆ ಸೇರಬೇಕಾದ ಜಾಗ, ಸುಗಮ ಅಂದರೆ ಅಡ್ಡಿಯಿಲ್ಲದ್ದು. ಸುಗಮ್ಯ ಅಂದರೆ ಯಾವುದು? ನಮ್ಮಲ್ಲೇ ‘ಎಟುಕು’ ಇದೆ, ತಮಿಳಿನ ‘ಎಟ್ಟು’ ಅದರ ದಾಯಾದಿ. ‘ನಿಲುಕು’ ಇದೆ. ‘ನನ್ನ ಬುದ್ಧಿಗೆ ನಿಲುಕದ್ದು’ ಅಂತ ದಿನಾ ಆಡುತ್ತೇವೆ, ಅಲ್ವಾ? ‘ಎಟುಕುವಿಕೆ’ ಇಲ್ಲವೇ ‘ನಿಲುಕುವಿಕೆ’ ಅಂತ ಬರೆಯಿರಿ.

ಮೈಸೂರಿನಿಂದ:
‘ಕೈಗೆಟುಕುವ ಬೆಲೆ’ ಅಂತ ಮನೆ ನಿವೇಶನ ಮಾರುವವರ ಜಾಹೀರಾತಿನಲ್ಲಿ ‘ಎಟುಕು’ ದುಡ್ಡಿಗೆ ಅಂಟಿಕೊಂಡಿದೆ. ‘ಎಟುಕುವಿಕೆ ಹೇಳಿಕೆ’ ಅಂದರೆ ದರಪಟ್ಟಿ ಅಂದುಕೊಳ್ಳುತ್ತಾರೆ. ಇನ್ನು ‘ನಿಲುಕು’. ಅದರ ಹೊಟ್ಟೆಯಲ್ಲಿರುವುದು ‘ನಿಲ್’. ತುದಿಗಾಲಲ್ಲಿ ನಿಂತು, ಮೈ ಚಾಚಿ ಮುಟ್ಟುವುದು. ಯಾರೂ ತುದಿಗಾಲಲ್ಲಿ ನಿಲ್ಲಬೇಕಾಗಿಲ್ಲ ಅನ್ನುವುದೇ ಆ ಪುಟದ ಮಾತು. ನೀವು ಕೊಟ್ಟ ಪದ ಅದಕ್ಕೆ ಪೂರ್ತಿ ಉಲ್ಟಾ.

ಧಾರವಾಡದಿಂದ:
ಬೇರು ಕಿತ್ತು ನೋಡುತ್ತಾ ಹೋದರೆ ಯಾವ ಪದವೂ ಉಳಿಯಲ್ಲ. ‘ನಿಲುಕು’ ಅನ್ನುವಾಗ ಯಾರೂ ಕಾಲು ನೋಡಿಕೊಳ್ಳುವುದಿಲ್ಲ.

ಶಿವಮೊಗ್ಗದಿಂದ:
ಸುಮ್ನೆ ‘ಆಕ್ಸೆಸಿಬಿಲಿಟಿ’ ಅಂತಲೇ ಇಡಿ. ಬಸ್ಸು, ಟಿಕೆಟ್ಟು, ಬ್ಯಾಂಕು ಬಂದ ಹಾಗೆ ಇದೂ ಬರುತ್ತದೆ.

ಧಾರವಾಡದಿಂದ:
ಬಸ್ಸನ್ನು ಜನ ಹತ್ತಿದರು, ಪದ ಬಂತು. ಇದನ್ನು ಯಾರು ಆಡುತ್ತಾರೆ? ಕಂಪ್ಯೂಟರ್ ಮಾತು ಬಂದ ಕೂಡಲೇ ಇಂಗ್ಲಿಷಿಗೆ ಕೈ ಮುಗಿಯುವುದನ್ನು ಮೊದಲು ಬಿಡಿ.

ಮಂಗಳೂರಿನಿಂದ:
ನಾನು ಹುಟ್ಟಿನಿಂದ ಕಣ್ಣು ಕಾಣದವಳು. ನಿಮ್ಮ ಈ ಪತ್ರಗಳನ್ನೂ ಸ್ಕ್ರೀನ್ ರೀಡರ್ ಓದಿ ಹೇಳುತ್ತಿದೆ. ಹೋದ ವಾರ ಒಂದು ಸರ್ಕಾರಿ ತಾಣದಲ್ಲಿ ಸುತ್ತೋಲೆ ಹುಡುಕಿದೆ. ಕೊಂಡಿಗಳನ್ನು ಒಂದೊಂದಾಗಿ ಓದಿಸಿದರೆ ‘ಇಲ್ಲಿ ಕ್ಲಿಕ್ ಮಾಡಿ’, ‘ಇಲ್ಲಿ ಕ್ಲಿಕ್ ಮಾಡಿ’, ‘ಇಲ್ಲಿ ಕ್ಲಿಕ್ ಮಾಡಿ’. ಯಾವುದು ಯಾವುದಕ್ಕೆ? ಒಂದನ್ನು ಒತ್ತಿದೆ. ‘ನುಡಿ’ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕಡತ ತೆರೆಯಿತು. ನಿಮ್ಮ ಕಣ್ಣಿಗೆ ಅಲ್ಲಿ ‘ಕರ್ನಾಟಕ’ ಅಂತ ಕಾಣುತ್ತದೆ. ನನ್ನ ಕಿವಿಗೆ ಬಿದ್ದದ್ದು ಇಂಗ್ಲಿಷಿನ ‘ಪಿ’, ಆಮೇಲೆ ತಲೆಯ ಮೇಲೆ ಗೀಟಿರುವ ‘ಎ’, ಆಮೇಲೆ ಪೌಂಡ್ ಚಿಹ್ನೆ. ಆ ಫಾಂಟು ಬೇರೆ ಲಿಪಿಯ ಗುರುತುಗಳಿಗೆ ಕನ್ನಡದ ಆಕಾರ ತೊಡಿಸಿದೆ ಅಷ್ಟೇ, ಒಳಗೆ ಕನ್ನಡ ಇಲ್ಲ. ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಇಡುವ ಯೂನಿಕೋಡ್ ಪುಟಗಳಲ್ಲೂ ಎಷ್ಟೋ ಸಲ ‘ಈ ಪುಟದ ಭಾಷೆ ಇಂಗ್ಲಿಷ್’ ಅಂತ ಒಳಗೆ ಗುರುತು ಹಾಕಿರುತ್ತಾರೆ. ಆಗ ಇಂಗ್ಲಿಷ್ ದನಿ ಕನ್ನಡ ಓದಲಾಗದೆ ಹಾರಿಸಿಬಿಡುತ್ತದೆ. ನಾವು ಯಂತ್ರವಲ್ಲ, ಮನುಷ್ಯರು ಅಂತ ತೋರಿಸಲು ಚಿತ್ರ ನೋಡಿ ಅಕ್ಷರ ತುಂಬಿಸುವ ಕ್ಯಾಪ್ಚಾಕ್ಕೆ ದನಿಯೇ ಇರಲಿಲ್ಲ. ಕೊನೆಗೆ ಪಕ್ಕದ ಮನೆಯ ಹುಡುಗನನ್ನು ಕರೆದು, ನನ್ನ ಆಧಾರ್ ಸಂಖ್ಯೆ ಅವನಿಗೆ ಹೇಳಿ ಅರ್ಜಿ ತುಂಬಿಸಿದೆ. ಅದು ನನಗೆ ತುಂಬಾ ಬೇಜಾರಾದ ವಿಷಯ. ಸರ್ಕಾರಿ ತಾಣಗಳು ಎಲ್ಲರಿಗೂ ಬಳಸಲು ಬರಬೇಕು ಅನ್ನುವ ಕೇಂದ್ರದ ಮಾರ್ಗಸೂಚಿ 2009ರಲ್ಲೇ ಬಂದಿದೆ.

ಈಗ ಪದಕ್ಕೆ ಬರುತ್ತೇನೆ. ನಾವು ನಾವು ಮಾತಾಡುವಾಗ ‘ಆ ಸೈಟು ಓದಲ್ಲ’, ‘ಇದು ಬಳಸೋಕೆ ಬರುತ್ತೆ’ ಅನ್ನುತ್ತೇವೆ. ಕೊಂಡಿಗೆ ‘ಎಲ್ಲರ ಬಳಕೆಗೆ’ ಅಂತ ಹಾಕಿ. ‘ಅಂಗವಿಕಲರಿಗೆ ನೆರವು’ ಅಂತ ಮಾತ್ರ ಬೇಡ. ಅಂಗವೈಕಲ್ಯ ಇರುವವರಿಗಾಗಿ ಬಂದ 2016ರ ಕಾಯ್ದೆಯ ಹೆಸರಿನಲ್ಲೇ ‘ಹಕ್ಕು’ ಇದೆ. 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳನ್ನು ಬಳಸುವುದನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಸೇರಿಸಿದೆ.

ಮೈಸೂರಿನಿಂದ:
ಮೇಡಂ, ಕೊಂಡಿಗೆ ಅದು ಸರಿ, ಒಪ್ಪಿದೆ. ಆದರೆ ‘ಆಕ್ಸೆಸಿಬಲ್ ಪಿಡಿಎಫ್’ ಅನ್ನಲು? ಪುಟದೊಳಗೆ ‘ಸುಗಮ್ಯ’ ಬೇಕೇ ಬೇಕು.

ಧಾರವಾಡದಿಂದ:
‘ಎಲ್ಲರೂ ಓದಬಲ್ಲ ಪಿಡಿಎಫ್’. ಆಯ್ತಲ್ಲ!

ಬೆಂಗಳೂರಿನಿಂದ:
‘ಎಲ್ಲರ ಬಳಕೆಗೆ’ ಅಂತ ಹಾಕಿ ಕಳಿಸಿದೆ. ಪುಟದೊಳಗೆ ಒಂದೇ ಒಂದು ಸಲ ‘ಸುಗಮ್ಯತೆ’ ಬರೆದು, ಪಕ್ಕದಲ್ಲೇ ಅರ್ಥ ಬಿಡಿಸಿದ್ದೇನೆ. ಧಾರವಾಡದವರು ಕ್ಷಮಿಸಬೇಕು. ಮೇಡಂ, ನಿಮ್ಮ ಪತ್ರ ಓದಿದ ಮೇಲೆ ಪುಟದ ಚಿತ್ರಗಳನ್ನೂ ತೆಗೆದು ನೋಡಿದೆ. ಇಲಾಖೆಯ ಲಾಂಛನಕ್ಕೆ ಸ್ಕ್ರೀನ್ ರೀಡರ್ ಓದಿ ಹೇಳುವ ವಿವರಣೆ ಇರಬೇಕಾದ ಕಡೆ ‘ಇಮೇಜ್ 3’ ಅಂತ ಬರೆದಿತ್ತು. ಅದನ್ನು ತಿದ್ದಿದೆ. ಇನ್ನೂ ನಲವತ್ತು ಚಿತ್ರ ಇವೆ, ನಾಳೆ ಕೂರುತ್ತೇನೆ. ಚಿತ್ರದ ಆ ವಿವರಣೆಗೆ ಇಂಗ್ಲಿಷಿನಲ್ಲಿ ಹೇಳುವ ‘ಆಲ್ಟ್ ಟೆಕ್ಸ್ಟ್’ಗೆ ಎಲ್ಲ ಕಡೆ ‘ಪರ್ಯಾಯ ಪಠ್ಯ’ ಅಂತಿದೆ. ನೀವು ಏನಂತೀರಿ?

ಮಂಗಳೂರಿನಿಂದ:
‘ಚಿತ್ರದ ಮಾತು’.