ಪದ ಬೇಕು: ರಗ್ಬಿಯ 'ಟ್ರೈ', 'ಸ್ಕ್ರಮ್' (ಗೋಡೆ ಬರಹಕ್ಕೆ, ನಾಳೆ ಬೆಳಿಗ್ಗೆಯೊಳಗೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಶಾಲೆಯಲ್ಲಿ, ಆಟದ ಸಾಮಾನಿಡುವ ಕೊಠಡಿಯ ಗೋಡೆ ಮೇಲೆ ರಗ್ಬಿ ಬಗ್ಗೆ ಬರೆಸುತ್ತಿದ್ದೇವೆ. ಟ್ವಿಕನ್‌ಹ್ಯಾಮ್, ಮರೇಫೀಲ್ಡ್, ಎಲಿಸ್ ಪಾರ್ಕ್ ಕ್ರೀಡಾಂಗಣಗಳು, ಅಲ್ಲಿ ನಡೆದ ದೊಡ್ಡ ಪಂದ್ಯಗಳು, ಪಕ್ಕದಲ್ಲಿ ಅಂಕಪಟ್ಟಿ. ಪೇಂಟರ್ ನಾಳೆ ಎಂಟಕ್ಕೆ ಬರ್ತಾನೆ. 'ಪ್ರಯತ್ನ: 5 ಅಂಕ' ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೆ. ಏಳನೇ ಕ್ಲಾಸಿನ ಹುಡುಗನೊಬ್ಬ ನೋಡಿ, 'ಬರೀ ಪ್ರಯತ್ನಪಟ್ರೆ ಐದು ಕೊಡ್ತಾರಾ ಸಾರ್? ನಮ್ ಗಣಿತದ ಪೇಪರ್‌ಗೂ ಕೊಡ್ಸಿ' ಅಂದ. ಅಳಿಸಿಬಿಟ್ಟೆ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತುವುದಕ್ಕೆ 'ಮುಟ್ಟು' ಆದೀತೇ? ಸ್ಕ್ರಮ್‌ಗೆ ಏನು?

> 'ಮುಟ್ಟು' ಆದೀತೇ?

ಆಗದು. ರಗ್ಬಿಯಲ್ಲಿ 'ಟಚ್' ಅಂದರೆ ಚೆಂಡು ಪಕ್ಕದ ಗೆರೆ ದಾಟಿ ಹೊರಗೆ ಹೋದದ್ದು. ಇನ್ನೊಂದು ಕಾರಣ ಮನೆಯಲ್ಲಿ ಕೇಳಿ, ಹೇಳ್ತಾರೆ.

'ಪ್ರಯತ್ನ' ಅಳಿಸಬಾರದಿತ್ತು. ಮೊದಮೊದಲು ಚೆಂಡು ಒತ್ತಿದ್ದಕ್ಕೆ ಅಂಕವೇ ಇರಲಿಲ್ಲ. ಗೋಲಿಗೆ ಒದ್ದು ನೋಡಲು ಒಂದು ಅವಕಾಶ ಸಿಗುತ್ತಿತ್ತು, ಅಷ್ಟೆ. ಹೆಸರು ಆಗಿನದು. 1971ರಲ್ಲಿ 4 ಅಂಕವಾಯಿತು, 1992ರಲ್ಲಿ 5. ಅಂದಹಾಗೆ 1995ರ ವಿಶ್ವಕಪ್ ಫೈನಲ್ ಬರೆಸುವುದಿದ್ದರೆ ಆ ಹುಡುಗನಿಗೆ ಉತ್ತರ ಇಟ್ಟುಕೊಂಡಿರಿ. ಎಲಿಸ್ ಪಾರ್ಕಿನಲ್ಲಿ ದಕ್ಷಿಣ ಆಫ್ರಿಕಾ 15, ನ್ಯೂಜಿಲೆಂಡ್ 12. ಒಂದೂ ಟ್ರೈ ಇಲ್ಲ. ಅಷ್ಟೂ ಮೂರು ಮೂರು ಅಂಕದ ಒದೆತದಲ್ಲೇ ಬಂದದ್ದು.

> ಸ್ಕ್ರಮ್‌ಗೆ ಏನು?

ನಿಮ್ಮೂರಿನ ಹೆಸರಲ್ಲೇ ಇದೆಯಲ್ರೀ! ದಾವಣಿ. ದನ ಸಾಲಾಗಿ ಕಟ್ಟುವ ಹಗ್ಗ. ಸ್ಕ್ರಮ್ ಅಂದರೆ ಚೆಂಡಿಗಾಗಿ ಎರಡು ತಂಡ ಎದುರುಬದುರು ತಳ್ಳಾಡುವುದು, ತಂಡಕ್ಕೆ ಎಂಟೆಂಟು ಜನ. ಮುಂದಿನ ಸಾಲಿನ ಮೂವರು ಒಬ್ಬರ ಅಂಗಿ ಒಬ್ಬರು ಹಿಡಿದು, ತಲೆ ಬಗ್ಗಿಸಿ ಬಿಗಿದುಕೊಳ್ಳುತ್ತಾರೆ, ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿದ ಎತ್ತಿನ ಹಾಗೆ. ಚಿತ್ರದುರ್ಗದ ದನದ ಜಾತ್ರೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗೇ ಆ 'ಕ್ರೀಡಾಂಗಣ'ವನ್ನೂ ತೆಗೆಸಿ, ಸಂಸ್ಕೃತ. 'ಮೈದಾನ' ಪಾರಸಿ. 'ಸ್ಟೇಡಿಯಂ' ಗ್ರೀಕರ ದೂರದ ಅಳತೆ. ನಾವು ಆಟದ ಜಾಗಕ್ಕೆ 'ಹರಿದಾರಿ' ಅಂತ ಹೆಸರಿಟ್ಟ ಹಾಗೆ. 'ಆಟದ ಬಯಲು' ಅನ್ನಿ. ಅಚ್ಚಗನ್ನಡ.

> ಅಚ್ಚಗನ್ನಡ

ದಾವಣಿ 'ದಾಮ'ದ ಕಡೆಯಿಂದ ಬಂದ ತದ್ಭವ ಸ್ವಾಮಿ. ಮೊದಲು ಅದನ್ನು ತೆಗೆಸಿ.

82,000 ಜನ ಕೂರುವ ಟ್ವಿಕನ್‌ಹ್ಯಾಮ್ ಬಯಲೇ? ಹಾಗೆ ಬರೆಸಿದರೆ ರಾತ್ರಿ ಚಾಪೆ ಹಿಡಿದು ಬಯಲಾಟಕ್ಕೆ ಬರ್ತಾರೆ. ವಿಕೆಟ್ಟಿಗೆ 'ಹುದ್ದರಿ' ಅಂತ ಪತ್ರಿಕೆಗಳು ಬರೆದವು, ನಾವೂ ಓದಿದೆವು. ಗಲ್ಲಿಯಲ್ಲಿ ಯಾವ ಹುಡುಗ 'ಹುದ್ದರಿ ಬಿತ್ತು' ಅಂತ ಕೂಗಿದ? ಎರವಲು ಅಂದರೆ ಯಾಕಿಷ್ಟು ಮೈಲಿಗೆ? ಇಂಗ್ಲೆಂಡ್–ಸ್ಕಾಟ್ಲೆಂಡ್ ಇವತ್ತಿಗೂ ಆಡುವ ಕಲ್ಕತ್ತಾ ಕಪ್ ಇದೆಯಲ್ಲ, ಅದು 1878ರಲ್ಲಿ ಕಲ್ಕತ್ತಾದ ಕ್ಲಬ್ಬೊಂದು ಮುಚ್ಚುವಾಗ ಉಳಿದ 270 ಬೆಳ್ಳಿ ರೂಪಾಯಿ ಕರಗಿಸಿ ಮಾಡಿದ್ದು. ಹಿಡಿ ನಾಗರಹಾವು, ಮುಚ್ಚಳದ ಮೇಲೆ ಆನೆ. ಅವರು ನಮ್ಮ ರೂಪಾಯಿ ಕರಗಿಸಿ ಕುಡಿಯೋ ಲೋಟ ಮಾಡಿಕೊಂಡರು. ನಾವು ಅವರ ಎರಡು ಪದ ಇಟ್ಟುಕೊಂಡರೆ ಕನ್ನಡ ಮುಳುಗುತ್ತಾ?

ಎಲ್ಲರಿಗೂ ಧನ್ಯವಾದ. ಪೇಂಟರ್ ಬಂದು ಹೋದ. 'ಟ್ರೈ', 'ಕ್ರೀಡಾಂಗಣ' ಹಾಗೇ ಉಳಿದವು. ಮುಂದಿನ ಸಾಲಿನ ಮೂವರ ಚಿತ್ರದ ಕೆಳಗೆ ಮಾತ್ರ 'ದಾವಣಿ' ಬರೆಸಿದೆ, ತದ್ಭವವಾದರೂ ಇರಲಿ. ಕೊನೆಗೆ ಜಾಗ ಸಾಲದೆ ಅವನು 'ಸ್ಕ್ರಮ್' ಅನ್ನು 'ಸ್ಕ್ರಂ' ಮಾಡಿದ್ದಾನೆ. ದಯವಿಟ್ಟು ಇದನ್ನು ಶುರು ಮಾಡಬೇಡಿ.